ಬ್ಯಾಡಗಿ ಹೆಸರಿನ ರೊಕ್ಕ ಯಾರ ಕಿಸೆಗೆ?

ಮೆಣಸಿನಕಾಯಿ ಹಂಗಾಮು ಮುಗೀತು. ಎಲ್ಲಾರ ಬಾಯಾಗೂ ಈಗ ದರದ್ದ ಮಾತು. ಇವತ್ತು ನಾನು ಹೆಸರಿನ ಬಗ್ಗೆ ಬರೀತೀನಿ, ಯಾಕಂದ್ರ ದರದ ಅರ್ಧ ಗುಟ್ಟು ಹೆಸರಿನಾಗ ಐತಿ. ಸ್ವಲ್ಪ ಉದ್ದ ಆಗ್ತದ, ಪುರುಸೊತ್ತು ಮಾಡ್ಕೊಂಡು ಓದ್ರಿ.

ಬ್ಯಾಡಗಿ ಹಾವೇರಿ ಜಿಲ್ಲೆಯ ಒಂದು ಊರು. ಆದರೆ ಆ ಹೆಸರಿನ ಕಾಯಿ ಬೆಳೆಯೋದು ಆ ತಾಲೂಕಿನಾಗ ಮಾತ್ರ ಅಲ್ಲ. ಕುಂದಗೋಳ, ಹುಬ್ಬಳ್ಳಿ, ಗದಗ, ಸವಣೂರು, ರಾಣೆಬೆನ್ನೂರು, ಈ ಎಲ್ಲ ಕಡೆಯ ಎರೆ ಹೊಲದಾಗ ನಮ್ಮ ಹಿರಿಯರು ಹತ್ತಿ, ಉಳ್ಳಾಗಡ್ಡಿ ಜೋಡಿ ಮಳೆ ನಂಬಿ ಇದನ್ನ ಬೆಳೆದರು. ದಪ್ಪಗೆ ಗಿಡ್ಡಗೆ ಇರೋದು ಡಬ್ಬಿ, ಉದ್ದಕ್ಕ ಸಣ್ಣಗ ಇರೋದು ಕಡ್ಡಿ. ಎರಡಕ್ಕೂ ಸುಕ್ಕು, ಎರಡಕ್ಕೂ ಗಾಢ ಕೆಂಪು, ಖಾರ ಕಮ್ಮಿ. ಒಂದು ರೂಪಾಯಿ ಜಾಹೀರಾತಿಲ್ಲದೆ ಈ ಹೆಸರು ದೇಶದ ತುಂಬ ಹರಡಿತು. 2011ರಲ್ಲಿ ಜಿಐ ಟ್ಯಾಗ್ ಸಿಕ್ತು. ಅದು ಸರ್ಕಾರ ಕೊಟ್ಟ ಹೆಸರಲ್ಲ, ಇದ್ದ ಹೆಸರಿಗೆ ಕಾನೂನು ಹಾಕಿದ ಮುದ್ರೆ.

ಕಂಪನಿ ಮಂದಿ ಬ್ರ್ಯಾಂಡ್ ಇಮೇಜ್, ಬ್ರ್ಯಾಂಡ್ ಇಕ್ವಿಟಿ ಅಂತ ದೊಡ್ಡ ದೊಡ್ಡ ಮಾತು ಆಡ್ತಾರ. ನಮ್ಮ ಭಾಷೆಯಾಗ ಹೇಳೋದಾದ್ರ ಇಷ್ಟ: ಹೆಸರು ಕೇಳಿದ ಕೂಡಲೆ ಗಿರಾಕಿ ಮನಸಿನಾಗ ಮೂಡೋ ಚಿತ್ರ ಇಮೇಜ್. ಆ ಚಿತ್ರ ನಂಬಿ ಆಕಿ ಬಿಚ್ಚೋ ಹೆಚ್ಚಿನ ರೊಕ್ಕ ಇಕ್ವಿಟಿ. ಕಾಯಿ ನಾವು ಪ್ರತಿ ವರ್ಷ ಹೊಸದಾಗಿ ಬೆಳೀತೀವಿ. ಹೆಸರು ಮಾತ್ರ ಹಳೇ ಗಳಿಕೆ, ಪಿತ್ರಾರ್ಜಿತ ಹೊಲ ಇದ್ದಂಗ. ಒಬ್ಬ ಮಾರಿಕೊಂಡರೆ ಎಲ್ಲಾರ ಪಾಲೂ ಹೋಗ್ತದ.

ಆದರೆ ಹೆಸರಿಗೆ ರೊಕ್ಕ ಕೊಡೋರು ಯಾರು ಅನ್ನೋದನ್ನ ನಾವು ಸರಿಯಾಗಿ ವಿಚಾರ ಮಾಡಿಲ್ಲ. ನಮ್ಮ ಕಾಯಿಗೆ ಎರಡು ಥರದ ಗಿರಾಕಿ ಅದಾರ. ಒಬ್ಬ ಓಲಿಯೊರೆಸಿನ್ ತೆಗೆಯೋ ಕಾರ್ಖಾನೆಯವ. ಕಾಯಿಯಿಂದ ಬಣ್ಣ ಹಿಂಡಿ ತಿನಿಸಿಗೆ, ಲಿಪ್‌ಸ್ಟಿಕ್ಕಿಗೆ ಹೋಗುವಂಗ ಮಾಡ್ತಾನ. ಅವನ ಹತ್ರ ಪ್ರಯೋಗಾಲಯ ಐತಿ, ಆಸ್ಟಾ ಅನ್ನೋ ಅಳತಿಯಾಗ ಬಣ್ಣ ಅಳೀತಾನ. ಅಳತಿ ಬಂತು ಅಂದ್ರ ಅದು ಡಬ್ಬಿ ಆಗಲಿ, ಹೈಬ್ರಿಡ್ ಆಗಲಿ, ಎಲ್ಲಿಂದಾನ ಬರಲಿ, ಅವನಿಗೆ ಚಿಂತಿಲ್ಲ. ಹೆಸರಿಗೆ ಅವ ಒಂದು ಪೈಸೆ ಹೆಚ್ಚು ಕೊಡಂಗಿಲ್ಲ.

ಇನ್ನೊಬ್ಬಾಕಿ ಅಡಗಿ ಮಾಡೋ ತಾಯಿ. ಮಂಗಳೂರು, ಉಡುಪಿ, ಕುಂದಾಪುರದ ಕಡೆ ಕೋಳಿ ಗಸಿಗೂ ಮೀನು ಸಾರಿಗೂ ಬ್ಯಾಡಗಿ ಮೆಣಸೇ ಆಗಬೇಕು. ಆಕಿ ಹತ್ರ ಅಳೆಯೋ ಯಂತ್ರ ಇಲ್ಲ. ನಮ್ಮ ಹೊಲ ನೋಡಿಲ್ಲ, ನಮ್ಮ ಮುಖ ನೋಡಿಲ್ಲ. ಆಕಿ ನಂಬಿರೋದು ಹೆಸರನ್ನ. ಅಳೆಯಲಿಕ್ಕೆ ಬರಲಾರದ ಗಿರಾಕಿ ಇದ್ದಲ್ಲಿ ಮಾತ್ರ ಹೆಸರು ದುಡೀತದ. ಅಂದ್ರ ಬ್ಯಾಡಗಿ ಹೆಸರಿನ ನಿಜವಾದ ಖಜಾನೆ ಇರೋದು ಅಡಗಿಮನಿಯಾಗ. ನನ್ನ ಮಾತೆಲ್ಲ ಇದರ ಮ್ಯಾಲೆ ನಿಂತದ.

ಈಗ ಒಂದು ಲೆಕ್ಕ. ಇವು ತಿಳೀಲಿ ಅಂತ ಹಿಡಿದ ಅಂಕಿ, ಪೇಟೆಯ ದರಪಟ್ಟಿ ಅಲ್ಲ. ಹೈಬ್ರಿಡ್ ಎಕರೆಗೆ 8 ಕ್ವಿಂಟಲ್, ದರ 12,000 ಅಂತ ಹಿಡೀರಿ, 96,000 ಆಯ್ತು. ಡಬ್ಬಿ ಎಕರೆಗೆ 3 ಕ್ವಿಂಟಲ್ ಬಂದ್ರ ಅಷ್ಟೇ ರೊಕ್ಕ ಆಗಾಕ 32,000 ದರ ಬೇಕು. ಅದಕ್ಕಿಂತ ಮ್ಯಾಲೆ ಹೋದ್ರ ಡಬ್ಬಿ ಬೆಳೆದವ ಗೆದ್ದ. 24,000ಕ್ಕ ಇಳೀತು ಅಂದ್ರ ಕೈಗೆ 72,000, ಮುಂದಿನ ವರ್ಷ ಅವ ಡಬ್ಬಿ ಅಗಿ ಹಚ್ಚೋದಿಲ್ಲ. ಔಷಧಿ, ನೀರಿನ ಖರ್ಚು ಡಬ್ಬಿಗೆ ಕಮ್ಮಿ ಅನ್ನೋದನ್ನ ಸೇರಿಸಿದರೂ ಮೂಲ ಮಾತು ಬದಲಾಗಂಗಿಲ್ಲ: ಇಳುವರಿ ಎಷ್ಟು ಪಟ್ಟು ಕಮ್ಮಿಯೋ, ದರ ಹತ್ರ ಹತ್ರ ಅಷ್ಟು ಪಟ್ಟು ಹೆಚ್ಚು ಇರಬೇಕು. ಆ ಹೆಚ್ಚಿನ ದರ ಹೆಸರಿನಿಂದ ಬರೋದು. ಹೆಸರು ಸವೆದರೆ ಬೀಜಾನೂ ಹೋಗ್ತದ.

ಹೆಸರು ಸವೆಯೋದು ಹೆಂಗ? ಒಂದ ಸಲಕ್ಕ ಅಲ್ಲ. ಸುಕ್ಕು, ಬಣ್ಣ ಬ್ಯಾಡಗಿಯಂಗ ಕಾಣೋ ಹೈಬ್ರಿಡ್ ಕಾಯಿ ಡಬ್ಬಿ ಚೀಲದಾಗ ಸೇರ್ತದ. ಹೋದ ವರ್ಷದ ಕೋಲ್ಡ್ ಸ್ಟೋರೇಜ್ ಕಾಯಿ ಹೊಸ ಮಾಲಿನ ಜೋಡಿ ಬೆರೀತದ. ತೂಕಕ್ಕ ಅಂತ ಒಣಗಿದ ಕಾಯಿಗೆ ನೀರು ಹೊಡಿಯೋರೂ ಅದಾರ. ವ್ಯಾಪಾರಸ್ಥರನ್ನ ಬೈಯೋದು ಸಸಾರ, ಆದರೆ ನೀರಿನ ಪಂಪು ಯಾರ ಕೈಯಾಗ ಇತ್ತು ಅಂತ ಎದಿ ಮುಟ್ಟಿ ಹೇಳಬೇಕು. ಇನ್ನ ಪಟ್ಟಣದ ಪಾಕೀಟಿನಾಗ ಪುಡಿ ಆದ ಮ್ಯಾಲೆ ಬ್ಯಾಡಗಿ ಯಾವುದು, ಬೆರಕಿ ಯಾವುದು ಅಂತ ಕಣ್ಣಿಗೆ ಹತ್ತೋದು ಕಷ್ಟ.

ಆದರೆ ನಾಲಿಗಿಗೆ ಹತ್ತತದ. ಕುಂದಾಪುರದ ತಾಯಿ ಯಾವತ್ತಿನಂಗ ಇಪ್ಪತ್ತು ಮೆಣಸು ಹುರಿದು ಮಸಾಲಿ ಅರೀತಾಳ. ಮಕ್ಕಳು ಖಾರ ಖಾರ ಅಂತ ತಟ್ಟಿ ಸರಸ್ತಾವ. ಆಗ ಆಕಿ ಯಾವ ಅಂಗಡಿಯವನನ್ನೂ ಬೈಯಂಗಿಲ್ಲ, "ಬ್ಯಾಡಗಿ ಈಗ ಮೊದಲಿನ ಹಾಗಿಲ್ಲ" ಅಂತಾಳ. ಬೆರಕಿ ಮಾಡಿದವ ಯಾರೋ, ಕೆಟ್ಟ ಹೆಸರು ನಮಗೆ. ಮುಂದಿನ ಸಲ ಹೆಚ್ಚಿನ ರೊಕ್ಕ ಯಾಕ ಕೊಡಬೇಕು ಆಕಿ?

2024ರ ಮಾರ್ಚ್ 11 ನೆನಪು ಮಾಡ್ಕೊಳ್ರಿ. ದರ ಒಮ್ಮೆಲೆ ಬಿತ್ತು ಅಂತ ಬ್ಯಾಡಗಿ ಮಾರುಕಟ್ಟೆಯಾಗ ಸಿಟ್ಟು ಎದ್ದು, ಎಪಿಎಂಸಿ ಕಚೇರಿಗೆ ಕಲ್ಲು ಬಿದ್ದವು, ವಾಹನ ಸುಟ್ಟವು. ಬೆಂಕಿ ಹಚ್ಚಿದ್ದು ತಪ್ಪು. ಸಿಟ್ಟಿಗೆ ಕಾರಣ ಇತ್ತು ಅನ್ನೋದೂ ಖರೆ. ಮಾರುಕಟ್ಟೆಗೆ ಬಳ್ಳಾರಿ, ರಾಯಚೂರಿನ ಮಾಲು ಬರ್ತದ, ಆಂಧ್ರದ್ದೂ ಬರ್ತದ. ಬರೋರೂ ನಮ್ಮಂಥ ರೈತರ, ಅವರ ಮ್ಯಾಲೆ ನನ್ನ ಸಿಟ್ಟಿಲ್ಲ. ಆದರೆ ಎಲ್ಲ ಮಾಲು ಒಂದ ಹೆಸರಿನ ಕೆಳಗ ನಿಂತಾಗ, ಒಂದು ಬಿದ್ದರೆ ಜೋಡಿ ಇನ್ನೊಂದನ್ನೂ ಎಳೀತದ. ಬ್ಯಾಡಗಿ ಅನ್ನೋದು ಮಾರುಕಟ್ಟೆಯ ಹೆಸರೋ, ಕಾಯಿಯ ಹೆಸರೋ? ಎರಡೂ ಒಂದ ಅಂತ ಬಿಟ್ಟಿದ್ದಕ್ಕ ನಮಗ ಪೆಟ್ಟು ಬಿದ್ದದ.

"ಹೆಸರು ಹೊಟ್ಟಿ ತುಂಬಸ್ತದೇನು? ಮುಟುರು ರೋಗ, ಥ್ರಿಪ್ಸ್ ಬಂದ್ರ ಡಬ್ಬಿ ಒಂದು ಕ್ವಿಂಟಲೂ ಕೊಡಂಗಿಲ್ಲ" ಅಂತ ಹೇಳೋರ ಮಾತು ಸುಳ್ಳಲ್ಲ. ನೀರಿದ್ದವ, ಸಾಲ ಇದ್ದವ ಹೈಬ್ರಿಡ್ ಹಚ್ಚಲಿ, ಬಣ್ಣದ ಕಾರ್ಖಾನೆಗೆ ಮಾರಲಿ, ಅದಕ್ಕೂ ಗಿರಾಕಿ ಐತಿ. ಅದನ್ನ ಅದರ ಹೆಸರಿನಿಂದ ಮಾರ್ರಿ, ಡಬ್ಬಿ ಜೋಡಿ ಬೆರಸಬ್ಯಾಡ್ರಿ, ಇಷ್ಟ ನನ್ನ ಬೇಡಿಕೆ.

ಹೆಸರು ಕಾಯ್ದುಕೊಳ್ಳೋದು ನಮ್ಮಂಥವರ ಕೈಲಿ ಆಗೋ ಕೆಲಸ ಅಲ್ಲ ಅನ್ನಬ್ಯಾಡ್ರಿ. ಉಡುಪಿ ಹತ್ರ ಮಟ್ಟು ಗ್ರಾಮದ ಗುಳ್ಳ ಬದನಿ ನೋಡ್ರಿ. ಅದಕ್ಕೂ 2011ರಲ್ಲೇ ಜಿಐ ಸಿಕ್ಕಿದ್ದು. ಬ್ಯಾರೆ ಕಡೆಯ ಬದನಿ ಅದೇ ಹೆಸರಿನಾಗ ಪೇಟೆಗೆ ಬಂದಾಗ, ಅಲ್ಲಿಯ ಬೆಳೆಗಾರರು ಸಂಘದ ಮೂಲಕ ಕಾಯಿ ಮ್ಯಾಲೆ ಸ್ಟಿಕ್ಕರ್ ಅಂಟಿಸಿ ಮಾರಾಕ ಹತ್ತಿದರು. ಸಣ್ಣ ಊರು, ಸಣ್ಣ ಬೆಳಿ, ಆದರೆ ಗಿರಾಕಿಗೆ ಗುರುತು ಸಿಕ್ತು.

ನಮಗ ಆಗೋ ಕೆಲಸ ಇವು:

ಮೊದಲನೇದು ಬೀಜ. ಮೆಣಸಿನ ಹೂವು ಜೇನು, ಹುಳದಿಂದ ಅಡ್ಡ ಪರಾಗ ಆಗ್ತದ. ಬದುವಿನ ಆಚಿ ಹೈಬ್ರಿಡ್ ಇದ್ರ ಈಚಿ ಹಿಡಿದ ಡಬ್ಬಿ ಬೀಜಾನೂ ಬೆರಕಿ. ಬೀಜಕ್ಕ ಅಂತ ದೂರದ ತುಂಡು ಹೊಲ ಆರಿಸಿ, ಗಿಡ ನೋಡಿ ಬೀಜ ಹಿಡೀರಿ.

ಎರಡನೇದು ಕಣ. ಡಬ್ಬಿ, ಕಡ್ಡಿ, ಹೈಬ್ರಿಡ್ ಬ್ಯಾರೆ ಬ್ಯಾರೆ ಒಣಗಿಸಿ, ಬ್ಯಾರೆ ಚೀಲ, ಬ್ಯಾರೆ ಲಾಟ್. ನೀರು ಮುಟ್ಟಿಸಬ್ಯಾಡ್ರಿ.

ಮೂರನೇದು ಕಾಗದ. ಜಿಐ ಬಂದ ಮಾತ್ರಕ್ಕ ನಾವೆಲ್ಲ ಅದರ ಹಕ್ಕುದಾರರು ಅಲ್ಲ. ಜಿಐ-3 ನಮೂನೆ ತುಂಬಿ ಅಧಿಕೃತ ಬಳಕೆದಾರ ಅಂತ ನೋಂದಣಿ ಆಗಬೇಕು. ಮೊದಲು 500 ರೂಪಾಯಿ ಇದ್ದ ಶುಲ್ಕ 2020ರಲ್ಲಿ 10 ರೂಪಾಯಿಗೆ ಇಳಿದದ. ನೋಂದಣಿ ಆದವ ಚೀಲದ ಮ್ಯಾಲೆ ಜಿಐ ಗುರುತು ಹಾಕಬಹುದು, ಹೆಸರು ಕದ್ದವನ ಮ್ಯಾಲೆ ಕೇಸನ್ನೂ ಹಾಕಬಹುದು.

ನಾಲ್ಕನೇದು ಗಿರಾಕಿ. ಇಪ್ಪತ್ತು ಮಂದಿ ಕೂಡಿದರೆ ಅರ್ಧ ಕಿಲೋ, ಒಂದು ಕಿಲೋ ಪಾಕೀಟು ಮಾಡಿ, ಊರು, ತಳಿ, ವರ್ಷ ಬರೆದು ಕರಾವಳಿ ಪೇಟೆಗೆ ಕಳಿಸೋದು ದೊಡ್ಡ ಮಾತಲ್ಲ. ಇಡೀ ಕಾಯಿ ಮಾರ್ರಿ, ಪುಡಿ ಬ್ಯಾಡ. ಸುಕ್ಕು, ತೊಟ್ಟು ಕಣ್ಣಿಗೆ ಕಂಡಷ್ಟು ನಂಬಿಕಿ ಗಟ್ಟಿ. ಮೊದಲ ವರ್ಷ ನಮ್ಮ ಮಾಲಿನ ಹತ್ತರಾಗ ಒಂದು ಪಾಲು ಹಿಂಗ ಹೋದರೂ ಸಾಕು.

ನಮ್ಮ ಕಡೆ ಈ ವರ್ಷ ಹಳೇ ಡಬ್ಬಿ, ಕಡ್ಡಿ ಬೀಜ ಹಿಡಿದವರು ಯಾರ್ಯಾರು ಅದೀರಿ, ತಿಳಿಸ್ರಿ. ಅಗಿ ಮಡಿ ಹಾಕೋ ಮೊದಲ ಒಂದು ಕಡೆ ಕೂತು ಮಾತಾಡೋಣ. ಜಿಐ-3 ನಮೂನೆ ಪ್ರಿಂಟ್ ತಗೊಂಡು ನಾನು ಬರ್ತೀನಿ, ನೀವು ಪಹಣಿ, ಆಧಾರ್ ಜೆರಾಕ್ಸ್ ತರ್ರಿ.