ಗಡಿಯ ಸಿಟ್ಟನ್ನು ಭಾಷೆಯ ಮೇಲೆ ತೀರಿಸಿಕೊಂಡರೆ

2019ರಲ್ಲಿ ಹೊರಬಂದ ರಾಷ್ಟ್ರೀಯ ಶಿಕ್ಷಣ ನೀತಿಯ ಕರಡಿನಲ್ಲಿ, ಪ್ರೌಢಶಾಲೆಯ ಮಕ್ಕಳು ಆರಿಸಿಕೊಳ್ಳಬಹುದಾದ ವಿದೇಶಿ ಭಾಷೆಗಳ ಸಾಲಿನಲ್ಲಿ ಚೀನೀ ಭಾಷೆಯ ಹೆಸರಿತ್ತು. 2020ರ ಜುಲೈ ಕೊನೆಯಲ್ಲಿ ಕೇಂದ್ರ ಸಂಪುಟ ಒಪ್ಪಿದ ನೀತಿಯಲ್ಲಿ ಆ ಹೆಸರಿಲ್ಲ. ಕೊರಿಯನ್ ಇದೆ, ಜಪಾನೀ ಇದೆ, ಥಾಯ್, ಫ್ರೆಂಚ್, ಜರ್ಮನ್, ಸ್ಪ್ಯಾನಿಷ್, ಪೋರ್ಚುಗೀಸ್, ರಷ್ಯನ್ ಎಲ್ಲ ಇವೆ. ಈ ಎರಡು ಕಡತಗಳ ನಡುವೆ, 2020ರ ಜೂನ್ 15ರ ರಾತ್ರಿ, ಗಲ್ವಾನ್ ಕಣಿವೆಯಲ್ಲಿ ನಮ್ಮ 20 ಯೋಧರು ಪ್ರಾಣ ಕೊಟ್ಟಿದ್ದರು. ಚೀನೀ ಭಾಷೆಯನ್ನು ಕೈಬಿಟ್ಟದ್ದೇಕೆ ಎಂದು ನೀತಿಯಲ್ಲಿ ಬರೆದಿಲ್ಲ. ಬರೆಯದಿದ್ದರೂ ಓದಿದವರಿಗೆ ಅರ್ಥವಾಯಿತು. ಬಹಳ ಜನ ಚಪ್ಪಾಳೆಯನ್ನೂ ತಟ್ಟಿದರು.

ಆ ಚಪ್ಪಾಳೆಯ ವಿರುದ್ಧ ಬರೆಯುತ್ತಿದ್ದೇನೆ. ಗಡಿಯಲ್ಲಿ ಮಡಿದವರ ಮೇಲಿನ ಗೌರವ ನನಗೂ ಅಷ್ಟೇ ಇದೆ. ಎದುರಾಳಿಯ ಪತ್ರಿಕೆಯನ್ನಾಗಲಿ, ಕಾದಂಬರಿಯನ್ನಾಗಲಿ, ಸರ್ಕಾರಿ ಆದೇಶವನ್ನಾಗಲಿ ನೇರವಾಗಿ ಓದಬಲ್ಲವರು ಬೆರಳೆಣಿಕೆಯಷ್ಟೇ ಇರಬೇಕು ಎಂದು ಬಯಸುವುದು ಆ ಗೌರವಕ್ಕೆ ಒಪ್ಪುವ ಮಾತೇ ಅಲ್ಲ. ನೀತಿಯ ಪಟ್ಟಿ ಉದಾಹರಣೆಗಾಗಿ ಕೊಟ್ಟದ್ದು, ಅದು ನಿಷೇಧವಲ್ಲ, ಜೆಎನ್‌ಯು, ದೆಹಲಿ ವಿಶ್ವವಿದ್ಯಾಲಯ, ಶಾಂತಿನಿಕೇತನಗಳಲ್ಲಿ ಚೀನೀ ಪಾಠ ನಿಂತಿಲ್ಲ ಎಂದು ಸಮರ್ಥಕರು ಹೇಳುತ್ತಾರೆ. ನಿಜವೇ. ಆದರೆ ಶಾಲೆ ನಡೆಸುವವರು, ಮಕ್ಕಳಿಗೆ ವಿಷಯ ಆರಿಸುವ ತಂದೆತಾಯಿ, ಹೊಸ ವಿಭಾಗಕ್ಕೆ ಹಣ ಕೇಳುವ ಕುಲಪತಿ ಇವರೆಲ್ಲ ಇಂಥ ಪಟ್ಟಿಯನ್ನು ಓದುವ ಬಗೆ ಬೇರೆ. ಹೆಸರು ಇಲ್ಲದ್ದನ್ನು ಅವರು ಕೇಳುವುದಿಲ್ಲ, ಕೊಡಿಸುವುದೂ ಇಲ್ಲ.

ಇದಕ್ಕಿಂತ ದೊಡ್ಡ ಪೆಟ್ಟು ತಿಂದಾಗ ಇದೇ ದೇಶ ಏನು ಮಾಡಿತ್ತು ನೋಡಿ. 1962ರ ಸೋಲಿನ ಗಾಯ ಇನ್ನೂ ಹಸಿಯಾಗಿದ್ದಾಗ, 1964ರಲ್ಲಿ, ದೆಹಲಿ ವಿಶ್ವವಿದ್ಯಾಲಯ ಚೀನೀ ಅಧ್ಯಯನ ಕೇಂದ್ರವನ್ನು ತೆರೆಯಿತು. ಕೆಲವು ವರ್ಷಗಳಲ್ಲಿ ಅದರ ಜತೆಗೆ ಜಪಾನೀ ಅಧ್ಯಯನವೂ ಸೇರಿತು. ಸೋತದ್ದು ಯಾರ ಕೈಯಲ್ಲಿ, ಅವರ ಮನಸ್ಸು ಹೇಗೆ ಓಡುತ್ತದೆ ಎಂದು ತಿಳಿಯಬೇಕೆಂಬ ಹಟ ಆ ಪೀಳಿಗೆಗೆ ಇತ್ತು. ಅಮೆರಿಕವೂ ಹೀಗೆಯೇ ನಡೆದುಕೊಂಡಿತು. ಪರ್ಲ್ ಹಾರ್ಬರ್ ಮೇಲೆ ಬಾಂಬು ಬಿದ್ದ ಮೇಲೆ ಅಲ್ಲಿನ ನೌಕಾಪಡೆ ಜಪಾನೀ ಭಾಷಾ ಶಾಲೆಗೆ ಸಾವಿರಕ್ಕೂ ಹೆಚ್ಚು ತರುಣರನ್ನು ಸೇರಿಸಿಕೊಂಡು, ಹಗಲೂ ರಾತ್ರಿ ಪಾಠ ಹೇಳಿಸಿತು. ಡೊನಾಲ್ಡ್ ಕೀನ್, ಎಡ್ವರ್ಡ್ ಸೈಡೆನ್‌ಸ್ಟಿಕರ್ ಇಬ್ಬರೂ ಆ ಶಾಲೆಯಿಂದ ಬಂದವರು. ಶತ್ರುವಿನ ಕಾಗದಪತ್ರ ಓದಲೆಂದು ಭಾಷೆ ಕಲಿತ ಕೀನ್, ಸತ್ತ ಜಪಾನೀ ಸೈನಿಕರ ದಿನಚರಿಗಳನ್ನು ಓದುತ್ತ ಓದುತ್ತ ಆ ಜನರನ್ನು ಅರಿತರು. ಬದುಕಿಡೀ ಅವರ ಸಾಹಿತ್ಯದ ಬಗ್ಗೆಯೇ ಬರೆದರು. ಕೊನೆಗೆ, 2011ರ ಸುನಾಮಿಯ ನಂತರ, ಜಪಾನಿನ ಪ್ರಜೆಯೇ ಆದರು. ಯುದ್ಧ ಗೆಲ್ಲುವುದಕ್ಕೂ, ಯುದ್ಧ ಮುಗಿದ ಮೇಲೆ ಒಟ್ಟಿಗೆ ಬಾಳುವುದಕ್ಕೂ ಅದೇ ಕಲಿಕೆ ನೆರವಿಗೆ ಬಂತು.

ಹೊಸ ನೀತಿ ಬಂದ ಕೆಲವೇ ದಿನಗಳಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ ಇನ್ನೊಂದು ಹೆಜ್ಜೆ ಇಟ್ಟಿತು. ಏಳು ವಿಶ್ವವಿದ್ಯಾಲಯಗಳಲ್ಲಿದ್ದ ಕನ್‌ಫ್ಯೂಷಿಯಸ್ ಸಂಸ್ಥೆಗಳನ್ನೂ, ಚೀನಾದ ಜತೆ ನಮ್ಮ ಸಂಸ್ಥೆಗಳು ಮಾಡಿಕೊಂಡಿದ್ದ 54 ಒಪ್ಪಂದಗಳನ್ನೂ ಮರುಪರಿಶೀಲನೆಗೆ ಒಳಪಡಿಸಿತು. ಇಲ್ಲಿ ನಾನು ಸರ್ಕಾರದ ಅನುಮಾನವನ್ನು ಒಪ್ಪುತ್ತೇನೆ. ಬೀಜಿಂಗಿನ ಹಣ, ಬೀಜಿಂಗಿನ ಪಠ್ಯ, ಬೀಜಿಂಗ್ ಕಳಿಸಿದ ಶಿಕ್ಷಕರು: ಹೀಗೆ ನಡೆಯುವ ತರಗತಿಯಲ್ಲಿ ಟಿಬೆಟ್, ತೈವಾನ್, 1989ರ ತಿಯಾನನ್‌ಮೆನ್ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ಷಿಕಾಗೊ ವಿಶ್ವವಿದ್ಯಾಲಯ 2014ರಲ್ಲೇ ತನ್ನ ಆವರಣದ ಸಂಸ್ಥೆಯ ಒಪ್ಪಂದವನ್ನು ಮುಂದುವರಿಸದೆ ಬಿಟ್ಟಿತು. ಆದರೆ ಆ ವಿಶ್ವವಿದ್ಯಾಲಯಕ್ಕೆ ಬಿಡುವ ಧೈರ್ಯ ಬಂದದ್ದು ತನ್ನದೇ ಆದ ಗಟ್ಟಿ ಪೂರ್ವ ಏಷ್ಯಾ ವಿಭಾಗ ಇದ್ದುದರಿಂದ. ನಮ್ಮಲ್ಲಿ ಬಾಗಿಲು ಹಾಕಿದರೆ ಒಳಗೆ ಏನು ಉಳಿಯುತ್ತದೆ? ಬೇರೆಯವರ ಶಿಕ್ಷಕರು ಬೇಡ ಎನ್ನುವವರು ಮೊದಲು ತಮ್ಮ ಶಿಕ್ಷಕರನ್ನು ಬೆಳೆಸಬೇಕು. ಚೀನೀ ಭಾಷೆ ಬೀಜಿಂಗಿನ ಸ್ವತ್ತೂ ಅಲ್ಲ. ತೈವಾನಿನಲ್ಲಿ, ಸಿಂಗಪುರದಲ್ಲಿ ಅದೇ ಭಾಷೆಯಲ್ಲಿ ಪತ್ರಿಕೆ ಬರುತ್ತದೆ, ಕವಿತೆ ಹುಟ್ಟುತ್ತದೆ. ತೈವಾನ್ ನಮ್ಮ ಕೆಲವು ವಿಶ್ವವಿದ್ಯಾಲಯಗಳಿಗೆ ಭಾಷಾ ಶಿಕ್ಷಕರನ್ನು ಕಳಿಸಿಯೂ ಇದೆ.

ಜಪಾನೀ ಭಾಷೆಗೆ ಈ ಶಾಪ ತಟ್ಟಲಿಲ್ಲ. ಅದಕ್ಕೆ ತಟ್ಟಿದ್ದು ಇನ್ನೊಂದು.

2025ರ ಆಗಸ್ಟಿನಲ್ಲಿ ಭಾರತ ಮತ್ತು ಜಪಾನ್ ಐದು ವರ್ಷಗಳಲ್ಲಿ ಐದು ಲಕ್ಷ ಜನ ಅತ್ತಿತ್ತ ಓಡಾಡಬೇಕೆಂಬ ಗುರಿ ಹಾಕಿಕೊಂಡವು. ಅದರಲ್ಲಿ 50,000 ಕುಶಲ ಕೆಲಸಗಾರರು ಭಾರತದಿಂದ ಹೋಗಬೇಕು. ಜಪಾನಿನಲ್ಲಿ ದುಡಿಯುವ ವಯಸ್ಸಿನವರು ಕಡಿಮೆಯಾಗುತ್ತಿದ್ದಾರೆ, ನಮ್ಮಲ್ಲಿ ಕೆಲಸವಿಲ್ಲದ ಯುವಕರು ತುಂಬಿದ್ದಾರೆ. ಬಿಡದಿಯಲ್ಲಿ ಟೊಯೋಟಾ ಕಾರ್ಖಾನೆ ಇದೆ, ತುಮಕೂರಿನ ವಸಂತನರಸಾಪುರದಲ್ಲಿ ಜಪಾನೀ ಕಂಪನಿಗಳಿಗೆಂದೇ ಕೈಗಾರಿಕಾ ಪ್ರದೇಶ ಇದೆ, ಬೆಂಗಳೂರಿನಲ್ಲಿ ಶನಿವಾರ ಭಾನುವಾರ ಜಪಾನೀ ತರಗತಿಗಳು ತುಂಬಿರುತ್ತವೆ. ಹಳ್ಳಿಯಿಂದ ಬಂದ ಹುಡುಗಿಯೊಬ್ಬಳು ಆ ತರಗತಿಯಿಂದ ಒಳ್ಳೆಯ ಸಂಬಳಕ್ಕೆ ಹೋದರೆ ನನಗೆ ಮನಸಾರೆ ಸಂತೋಷ. ನನ್ನ ತಕರಾರು ವಿಶ್ವವಿದ್ಯಾಲಯಗಳ ಮೇಲೆ. ಅವುಗಳೂ ಇದನ್ನೇ ಭಾಷಾ ಅಧ್ಯಯನ ಎಂದುಕೊಂಡು ಸರ್ಟಿಫಿಕೇಟು, ಡಿಪ್ಲೊಮಾ ಹಂಚಿ ಕೈತೊಳೆದುಕೊಳ್ಳುತ್ತಿವೆ. ಕೆಲಸಕ್ಕೆ ಕೇಳುವ ಜೆಎಲ್‌ಪಿಟಿ ಎಂಬ ಜಪಾನೀ ಭಾಷಾ ಪರೀಕ್ಷೆಯಲ್ಲಿ ಮಾತಾಡಿಸುವುದೂ ಇಲ್ಲ, ಒಂದು ಪ್ಯಾರಾ ಬರೆಸುವುದೂ ಇಲ್ಲ. ಸರಿಯುತ್ತರಕ್ಕೆ ಗುರುತು ಹಾಕಿದರೆ ಮುಗಿಯಿತು. ಅದು ಅದರ ಮಟ್ಟಿಗೆ ಸರಿಯಾದ ಪರೀಕ್ಷೆಯೇ. ವಿಶ್ವವಿದ್ಯಾಲಯವೂ ಅಷ್ಟಕ್ಕೇ ನಿಂತರೆ ಪ್ರಾಧ್ಯಾಪಕರು ಏಕೆ, ಗ್ರಂಥಾಲಯ ಏಕೆ?

ಅಮೆರಿಕದ ವಿದೇಶಾಂಗ ಇಲಾಖೆ ತನ್ನ ರಾಜತಾಂತ್ರಿಕರಿಗೆ ಭಾಷೆ ಕಲಿಸಿದ ಅನುಭವದಿಂದ ಒಂದು ಲೆಕ್ಕ ಇಟ್ಟಿದೆ: ಚೀನೀ ಅಥವಾ ಜಪಾನೀ ಭಾಷೆಯಲ್ಲಿ ಕೆಲಸ ಮಾಡುವ ಮಟ್ಟ ಮುಟ್ಟಲು ಇಂಗ್ಲಿಷ್ ಮಾತಾಡುವವರಿಗೆ ಸುಮಾರು 2,200 ಗಂಟೆಯ ತರಗತಿ ಬೇಕು. ವಾರಕ್ಕೆ ನಾಲ್ಕು ಗಂಟೆ ಪಾಠ, ವರ್ಷಕ್ಕೆ 50 ವಾರ ಎಂದು ಹಿಡಿದರೂ ಅದು 11 ವರ್ಷದ ಹಾದಿ. ವಾಕ್ಯದ ಕೊನೆಗೆ ಕ್ರಿಯಾಪದ ಇಡುವ ಕನ್ನಡಿಗರಿಗೆ ಜಪಾನೀ ವಾಕ್ಯ ಅಷ್ಟು ಪರಕೀಯ ಎನಿಸುವುದಿಲ್ಲ, ಒಂದಷ್ಟು ಸಮಯ ಉಳಿದೀತು. ಆದರೆ ನಿತ್ಯಬಳಕೆಯ 2,136 ಕಾಂಜಿ ಅಕ್ಷರಗಳು ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ವಾರಾಂತ್ಯದ ಕೋರ್ಸಿನಿಂದ ವಿದ್ವಾಂಸರು ಹುಟ್ಟುವುದಿಲ್ಲ ಎಂಬುದಕ್ಕೆ ಬೇರೆ ಪುರಾವೆ ಬೇಡ.

ಈ ಬೌದ್ಧಿಕ ಬಡತನ ನಮ್ಮೊಬ್ಬರದೇ ಅಲ್ಲ. 2015ರ ಜೂನ್ ತಿಂಗಳಲ್ಲಿ ಜಪಾನಿನ ಶಿಕ್ಷಣ ಸಚಿವಾಲಯವೇ ತನ್ನ ರಾಷ್ಟ್ರೀಯ ವಿಶ್ವವಿದ್ಯಾಲಯಗಳಿಗೆ ಪತ್ರ ಬರೆದು, ಮಾನವಿಕ ಮತ್ತು ಸಮಾಜ ವಿಜ್ಞಾನದ ವಿಭಾಗಗಳನ್ನು ಮುಚ್ಚುವ ಇಲ್ಲವೇ ಸಮಾಜಕ್ಕೆ ಹೆಚ್ಚು ಬೇಕಾದ ಕ್ಷೇತ್ರಗಳಿಗೆ ತಿರುಗಿಸುವ ಯೋಚನೆ ಮಾಡಿ ಎಂದಿತು. ಅಲ್ಲಿನ ವಿಜ್ಞಾನ ಮಂಡಳಿ ಬಹಿರಂಗವಾಗಿ ಪ್ರತಿಭಟಿಸಿತು. ದೊಡ್ಡ ಉದ್ಯಮಗಳ ಒಕ್ಕೂಟವಾದ ಕೈದಾನ್‌ರೆನ್ ಕೂಡ, ನಾವು ಕೇಳುತ್ತಿರುವುದು ಇದಲ್ಲ ಎಂದು ಹೇಳಿಕೆ ಕೊಟ್ಟಿತು. ನಮ್ಮಲ್ಲಿ ‘ಉದ್ಯಮಕ್ಕೆ ಏನು ಬೇಕು’ ಎಂದು ಮಾತುಮಾತಿಗೂ ಕೇಳುವವರು ಆ ಉದ್ಯಮಪತಿಗಳ ಹೇಳಿಕೆಯನ್ನು ಒಮ್ಮೆ ನೆನೆಯಬೇಕು.

ಈಗ ಕರ್ನಾಟಕಕ್ಕೇ ಬರೋಣ. ಇಲ್ಲಿ ಶಾಲೆಯ ಮೆಟ್ಟಿಲು ಹತ್ತಿದ ಹೆಚ್ಚಿನ ಮಕ್ಕಳಿಗೆ ಹ್ಯೂಯೆನ್ ತ್ಸಾಂಗ್ ಹೆಸರು ಗೊತ್ತು. ಇಮ್ಮಡಿ ಪುಲಕೇಶಿಯ ನಾಡಿಗೆ ಬಂದು, ಉಪಕಾರ ಮರೆಯದ, ಅವಮಾನ ಸಹಿಸದ ಜನರನ್ನೂ, ಕಾಳಗಕ್ಕೆ ಮುಂಚೆ ಆನೆಗಳಿಗೆ ಮದ್ಯ ಕುಡಿಸುವ ಸೈನ್ಯವನ್ನೂ ಬಣ್ಣಿಸಿದ ಚೀನೀ ಯಾತ್ರಿಕ. ಹರ್ಷನಿಗೆ ಈ ರಾಜ ಬಗ್ಗಲಿಲ್ಲ ಎಂದು 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ ಹೇಳಿದ್ದನ್ನು, ಹೊರಗಿನವನಾಗಿ ನಿಂತು ಸಾಕ್ಷಿ ನುಡಿದವನು ಇವನೇ. 646ರಲ್ಲಿ ಮುಗಿದ ಆತನ ಗ್ರಂಥವನ್ನು ನಾವು ಓದುವುದು 1884ರಲ್ಲಿ ಸ್ಯಾಮ್ಯುಯೆಲ್ ಬೀಲ್ ಮಾಡಿದ ಇಂಗ್ಲಿಷ್ ಅನುವಾದದಲ್ಲಿ, ಇಲ್ಲವೇ ಅದರ ನಂತರ ಬಂದ ಥಾಮಸ್ ವ್ಯಾಟರ್ಸ್ ವಿವರಣೆಯಲ್ಲಿ. ಆತ ಹೇಳುವ ಕೊಂಕಣಪುರ ಯಾವುದು? ಬನವಾಸಿ ಎಂದರು ಒಬ್ಬರು, ಆನೆಗೊಂದಿ ಎಂದರು ಕನಿಂಗ್‌ಹ್ಯಾಮ್. ನಮ್ಮ ಊರುಗಳ ಬಗ್ಗೆ, ನಮ್ಮ ಹೊಳೆಗಳ ಬಗ್ಗೆ, 19ನೇ ಶತಮಾನದ ಯುರೋಪಿನವರು ವಾದ ಹೂಡಿದರು. ಆ ಊರುಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿದ, ಶಾಸನಗಳನ್ನು ಕರತಲಾಮಲಕ ಮಾಡಿಕೊಂಡ ನಮ್ಮ ಇತಿಹಾಸಕಾರರು ಬೀಲ್‌ನ ಅಡಿಟಿಪ್ಪಣಿಯನ್ನು ಹಿಡಿದುಕೊಂಡು ಆ ವಾದಕ್ಕೆ ಇಳಿಯಬೇಕಾಯಿತು. ಇದರಲ್ಲಿ ಅವರ ತಪ್ಪಿಲ್ಲ. ಶಾಸ್ತ್ರೀಯ ಚೀನೀ ಓದಲು ಕಲಿಸುವ ಒಂದು ಕೊಠಡಿಯನ್ನೂ ನಾವು ಅವರಿಗೆ ಕೊಡಲಿಲ್ಲ. ಸಂಸ್ಕೃತದಲ್ಲಿ ಕಳೆದುಹೋದ ಎಷ್ಟೋ ಬೌದ್ಧ ಗ್ರಂಥಗಳು ಕುಮಾರಜೀವನಂಥವರು ಮಾಡಿದ ಚೀನೀ ಅನುವಾದದಲ್ಲಿ ಉಳಿದಿವೆ. ಅವುಗಳ ಮಹಾಸಂಪುಟಗಳನ್ನು 1924ರಿಂದ 1934ರವರೆಗೆ ಟೋಕಿಯೊದಲ್ಲಿ ಅಚ್ಚು ಹಾಕಿಸಿದ ತಕಾಕುಸು ಜುಂಜಿರೊ, ಆಕ್ಸ್‌ಫರ್ಡಿಗೆ ಹೋಗಿ ಸಂಸ್ಕೃತ ಕಲಿತು ಬಂದವರು. ಅವರು ನಮ್ಮ ಭಾಷೆ ಕಲಿತು ನಮ್ಮ ಆಸ್ತಿಯನ್ನು ಕಾಪಾಡಿದರು.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಕಾದಿರುವುದು ಇನ್ನೂ ದೊಡ್ಡ ನಿಧಿ. 850ರ ಸುಮಾರಿಗೆ ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ ‘ಕವಿರಾಜಮಾರ್ಗ’ ಮೂಡಿತು. ದಂಡಿಯ ಕಾವ್ಯಮೀಮಾಂಸೆಯನ್ನು ಮುಂದಿಟ್ಟುಕೊಂಡೇ, ಕನ್ನಡಕ್ಕೆ ಕನ್ನಡದ್ದೇ ದಾರಿ ಉಂಟು ಎಂದು ಅದು ಸಾಧಿಸಿತು. ಇತ್ತ ಕ್ಯೋತೊದ ಅರಮನೆಯಲ್ಲಿ, 905ರ ಸುಮಾರಿಗೆ, ‘ಕೊಕಿನ್‌ಶೂ’ ಎಂಬ ಕವಿತಾ ಸಂಕಲನಕ್ಕೆ ಕಿ ನೊ ತ್ಸುರಾಯುಕಿ ಜಪಾನೀ ಭಾಷೆಯಲ್ಲೇ ಮುನ್ನುಡಿ ಬರೆದ. ಅವನೂ ಚೀನೀ ಕಾವ್ಯಮೀಮಾಂಸೆಯನ್ನು ಮುಂದಿಟ್ಟುಕೊಂಡೇ, ಜಪಾನೀ ಹಾಡಿಗೆ ಅದರದ್ದೇ ಬೇರು ಉಂಟು ಎಂದ. ಎರಡು ಆಸ್ಥಾನಗಳು, ಎರಡು ದೇಶಭಾಷೆಗಳು, ತಲೆಯ ಮೇಲೆ ಎರಡು ಮಹಾಭಾಷೆಗಳು, ನಡುವೆ ಬರೀ ಐವತ್ತು ಚಿಲ್ಲರೆ ವರ್ಷ. ಒಬ್ಬರಿಗೆ ಇನ್ನೊಬ್ಬರ ಸುಳಿವೂ ಇಲ್ಲ. ಸಂಸ್ಕೃತದೊಂದಿಗೆ ಕನ್ನಡ ನಡೆಸಿದ ಸಾವಿರ ವರ್ಷದ ಜಗಳ ಮತ್ತು ನಂಟನ್ನು ತೂಗಿ ನೋಡಲು ಇದಕ್ಕಿಂತ ಒಳ್ಳೆಯ ಜೋಡಿ ಜಗತ್ತಿನಲ್ಲಿ ಸಿಗುವುದು ಕಷ್ಟ. ಇಂಗ್ಲಿಷಿನ ಜತೆ ಮಾತ್ರ ಹೋಲಿಸಿಕೊಳ್ಳುವ ಚಾಳಿಯಿಂದ ನಮ್ಮ ತೌಲನಿಕ ಅಧ್ಯಯನ ಇದನ್ನು ಕಂಡೇ ಇಲ್ಲವೆನ್ನುವಷ್ಟು ಕಡಿಮೆ ಕಂಡಿದೆ. ಹಳಗನ್ನಡವನ್ನೂ ಹಳೆಯ ಜಪಾನೀಯನ್ನೂ ಬಲ್ಲ ಒಬ್ಬ ಸಂಶೋಧಕಿ ಸಾಕು, ಈ ಅಧ್ಯಾಯ ತೆರೆಯಲು. ಆಕೆ ಟೋಕಿಯೊದಲ್ಲಿ ಹುಟ್ಟುವ ಸಂಭವ ಕಡಿಮೆ, ಹಳಗನ್ನಡ ಓದುವವರು ಇರುವುದು ಇಲ್ಲಿಯೇ.

ಚೀನೀ, ಜಪಾನೀ ಎರಡನ್ನೂ ಒಂದೇ ವಿಭಾಗದಲ್ಲಿ ಕಲಿಸಬೇಕು ಎಂದು ನಾನು ಹೇಳುವುದೂ ಇದಕ್ಕಾಗಿಯೇ. ಚೀನೀ ತಿಳಿಯದೆ ತ್ಸುರಾಯುಕಿ ಅರ್ಥವಾಗುವುದಿಲ್ಲ. ಆಧುನಿಕ ಕಾಲದಲ್ಲಿ ಹೊಳೆ ಹಿಂದಕ್ಕೆ ಹರಿಯಿತು: ವೈದ್ಯಕೀಯ ಓದಲು ಜಪಾನಿನ ಸೆಂದಾಯ್ ಪಟ್ಟಣಕ್ಕೆ ಹೋದ ಲು ಷುನ್ 1906ರಲ್ಲಿ ಓದು ಬಿಟ್ಟು ಸಾಹಿತ್ಯಕ್ಕೆ ತಿರುಗಿದ, 1918ರಲ್ಲಿ ಆಡುಮಾತಿನಲ್ಲಿ ‘ಹುಚ್ಚನ ದಿನಚರಿ’ ಬರೆದು ಚೀನೀ ಹೊಸ ಸಾಹಿತ್ಯಕ್ಕೆ ದಾರಿ ತೆರೆದ. ಒಂದು ದೇಶವನ್ನು ಶತ್ರು, ಇನ್ನೊಂದನ್ನು ಮಿತ್ರ ಎಂದು ಪಟ್ಟಿ ಮಾಡಿ ಭಾಷೆಗಳನ್ನು ಬೇರ್ಪಡಿಸುವವರು ಈ ಸಾಹಿತ್ಯಗಳ ಒಳಗನ್ನು ಕಂಡವರಲ್ಲ.

ಕನ್ನಡದ ಹಿತ ಬಯಸುವವರಿಂದಲೇ ಬರುವ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ಕನ್ನಡ ವಿಭಾಗಗಳೇ ಅತಿಥಿ ಉಪನ್ಯಾಸಕರ ದುಡಿಮೆಯ ಮೇಲೆ ನಿಂತಿರುವಾಗ ಚೀನೀ, ಜಪಾನೀಗೆ ಹಣ ಎಲ್ಲಿಂದ ತರುವುದು? ಈ ನೋವು ನನಗೂ ಇದೆ. ಖಾಲಿ ಬಿದ್ದ ಕನ್ನಡ ಹುದ್ದೆಗಳನ್ನು ಮೊದಲು ತುಂಬಲಿ. ಆದರೆ ಭಾಷಾ ವಿಭಾಗಗಳು ಒಂದರ ಅನ್ನವನ್ನು ಇನ್ನೊಂದು ಕಿತ್ತುಕೊಂಡು ಬದುಕಬೇಕು ಎಂಬ ಲೆಕ್ಕವನ್ನೇ ನಾನು ಒಪ್ಪುವುದಿಲ್ಲ. ಚೀನೀ ಬಾರದ ಯು.ಆರ್. ಅನಂತಮೂರ್ತಿ ‘ದಾವ್ ದ ಜಿಂಗ್’ ಅನ್ನು ಕನ್ನಡಕ್ಕೆ ತಂದರು. ಅದು ಪ್ರೀತಿಯ ಕೆಲಸ, ಕನ್ನಡ ಅದರಿಂದ ಬೆಳೆಯಿತು. ಚೀನಾ, ಜಪಾನುಗಳಿಂದ ಕನ್ನಡಕ್ಕೆ ಬಂದದ್ದು ಬಹುಪಾಲು ಹೀಗೆ ಇಂಗ್ಲಿಷಿನ ಮೂಲಕವೇ. ಪಕ್ಕದ ತಮಿಳಿನಲ್ಲಿ, ‘ಪಯಣಿ’ ಎಂಬ ಹೆಸರಿನಲ್ಲಿ ಬರೆಯುವ ರಾಜತಾಂತ್ರಿಕ ಶ್ರೀಧರನ್, ಚೀನಾದ ಅತಿ ಹಳೆಯ ಕವಿತಾ ಸಂಕಲನ ‘ಷಿಜಿಂಗ್’ನ ಪದ್ಯಗಳನ್ನು ಮೂಲದಿಂದಲೇ ಅನುವಾದಿಸಿ 2012ರಲ್ಲಿ ಪುಸ್ತಕ ಮಾಡಿದರು. ಭಾಷೆ ಕಲಿಯಲು ಅವರಿಗೆ ವಿದೇಶಾಂಗ ಸೇವೆ ಅವಕಾಶ ಕೊಟ್ಟಿತು. ಕನ್ನಡಕ್ಕೆ ಅಂಥ ಅವಕಾಶವನ್ನು ನಮ್ಮ ವಿಶ್ವವಿದ್ಯಾಲಯ ಕೊಡಲಿ. ಯಂತ್ರ ಅನುವಾದಿಸುತ್ತದೆಯಲ್ಲ ಎನ್ನುವವರಿಗೆ ಒಂದೇ ಪ್ರಶ್ನೆ: ಯಂತ್ರ ತಪ್ಪಿದಾಗ ತಪ್ಪಿದೆ ಎಂದು ಹೇಳುವವರು ಯಾರು?

ನಾನು ಕೇಳುತ್ತಿರುವುದು ಇಷ್ಟು. ರಾಜ್ಯದ ಒಂದು ವಿಶ್ವವಿದ್ಯಾಲಯದಲ್ಲಿ ಚೀನೀ ಮತ್ತು ಜಪಾನೀ ಭಾಷೆ, ಸಾಹಿತ್ಯಗಳ ಪೂರ್ಣ ವಿಭಾಗ. ಪಿಯುಸಿ ಮುಗಿಸಿ ಬಂದವರಿಗೆ ಐದು ವರ್ಷದ ಎಂ.ಎ., ಅದರಲ್ಲಿ ಒಂದು ವರ್ಷ ತೈವಾನ್ ಇಲ್ಲವೇ ಜಪಾನಿನಲ್ಲಿ ಓದು, ಅದಕ್ಕೆ ರಾಜ್ಯದ್ದೇ ವಿದ್ಯಾರ್ಥಿವೇತನ. ಆಧುನಿಕ ಭಾಷೆಯ ಜತೆಗೆ ಹಳೆಯ ಭಾಷೆ ಕಡ್ಡಾಯ; ಹಳಗನ್ನಡವೂ ಕಡ್ಡಾಯ. ಗುತ್ತಿಗೆಯವರಲ್ಲ, ಕಾಯಂ ಅಧ್ಯಾಪಕರು. ರಾಷ್ಟ್ರೀಯ ಶಿಕ್ಷಣ ನೀತಿ ಬೇಡವೆಂದು, ರಾಜ್ಯದ್ದೇ ನೀತಿ ರೂಪಿಸಲು 2023ರಲ್ಲಿ ಸುಖದೇವ್ ಥೋರಟ್ ಅಧ್ಯಕ್ಷತೆಯ ಆಯೋಗವನ್ನು ನೇಮಿಸಿದ್ದು ಇದೇ ಕರ್ನಾಟಕ ಸರ್ಕಾರ. ಕೇಂದ್ರದ ಪಟ್ಟಿಯಿಂದ ಬಿದ್ದುಹೋದ ಹೆಸರನ್ನು ತನ್ನ ಪಟ್ಟಿಗೆ ಸೇರಿಸಿಕೊಳ್ಳಲು, ತನ್ನದೇ ವಿಶ್ವವಿದ್ಯಾಲಯಕ್ಕೆ ಹುದ್ದೆಗಳನ್ನು ಮಂಜೂರು ಮಾಡಲು ಅದು ದೆಹಲಿಯ ದಾರಿ ಕಾಯಬೇಕಾಗಿಲ್ಲ.