ಸೀರೆಯ ನೆರಿಗೆ ಯಾರ ಸೊತ್ತು?

ಮುಂಬಯಿಯ ನಮ್ಮ ಸಭಾಗೃಹಗಳಲ್ಲಿ ಯಕ್ಷಗಾನದ ಸ್ತ್ರೀವೇಷ ರಂಗಕ್ಕೆ ಬಂದೊಡನೆ ಕರತಾಡನ ಮಾಡುವವರು ನಾವು. ಬಾಲಗಂಧರ್ವರ ರಂಗದ ಸೀರೆಯನ್ನಂತೂ ಇಲ್ಲಿನ ಗೃಹಿಣಿಯರೇ ಅನುಕರಿಸಿದ್ದರು. ಆದರೆ ಮಾಟುಂಗಾ ನಿಲ್ದಾಣದಲ್ಲಿ ಇಳಕಲ್ ಸೀರೆಯುಟ್ಟು ನಿಂತಿದ್ದ ಲಿಂಗಾಂತರಿ ಮಹಿಳೆಯೊಬ್ಬರನ್ನು ಕಂಡು ನನ್ನ ಸಂಗಡಿಗರು ಕಿಸಕ್ಕನೆ ನಕ್ಕರು. ಸರಕಾರಿ ಅಧಿಕಾರಿಯಾದ ನಾನು ಸುಮ್ಮನಿದ್ದೆ. ಆ ಮೌನ ನನ್ನನ್ನು ಇಂದಿಗೂ ಚುಚ್ಚುತ್ತಿದೆ. ತಾಯಿ ಮಗಳಿಗೆ ಕಲಿಸುವ ನೆರಿಗೆಯನ್ನು ಇಂಥವರು ಬಹುಪಾಲು ಒಂಟಿಯಾಗಿಯೇ ಕಲಿಯಬೇಕು.

ಉಡುಪಿನ ಮೂಲಕ ಲಿಂಗತ್ವವನ್ನು ಪ್ರಕಟಿಸುವುದು ಸಂವಿಧಾನದ 19ನೆಯ ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯವೆಂದು ಸುಪ್ರೀಂ ಕೋರ್ಟು 2014ರಲ್ಲೇ ತೀರ್ಪಿತ್ತಿದೆ. 2021ರಲ್ಲಿ ಮಂಜಮ್ಮ ಜೋಗತಿಯವರು ಸೀರೆಯುಟ್ಟೇ ಪದ್ಮಶ್ರೀ ಸ್ವೀಕರಿಸಿದಾಗ ನಾವೆಲ್ಲ ಹೆಮ್ಮೆಪಟ್ಟೆವು. ಆಟ ಮುಗಿದೊಡನೆ ಕಳಚಿಡುವ ವೇಷಕ್ಕೆ ಮನ್ನಣೆ, ಬದುಕೇ ಆಗಿರುವ ಉಡುಗೆಗೆ ಅಪಹಾಸ್ಯ: ಇದಾವ ನ್ಯಾಯ? ಮುಂದಿನ ರಾಜ್ಯೋತ್ಸವದಂದು ಇವರನ್ನೂ ಬಾಗಿಲಲ್ಲೇ ಅರಿಸಿನ-ಕುಂಕುಮವಿತ್ತು ಮಹಿಳೆಯರ ಸಾಲಿನಲ್ಲಿ ಕುಳ್ಳಿರಿಸೋಣ.