ನಡೆಯುವವರಿಗೆ ದಾರಿ ಬಿಡಿ

2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದಾಗ ಎದ್ದ ಗದ್ದಲ ಓದುಗರಿಗೆ ನೆನಪಿರಬಹುದು. ಮಹಿಳೆಯರಿಗೆ ಬಸ್ ಪ್ರಯಾಣ ಉಚಿತವಾದರೆ ರಾಜ್ಯ ದಿವಾಳಿಯಾಗುತ್ತದೆಂದು ಕೆಲವರು ಗೋಳಾಡಿದರು. ಆ ಚರ್ಚೆಯಲ್ಲಿ ಯಾರೂ ಎತ್ತದ ಪ್ರಶ್ನೆಯೊಂದಿದೆ. ಟಿಕೆಟ್ ಉಚಿತವಾಯಿತು ಸರಿ, ಮನೆಯಿಂದ ಬಸ್ ನಿಲ್ದಾಣದವರೆಗಿನ ದಾರಿಯ ಗತಿಯೇನು?

ಬೆಂಗಳೂರಿನ ಹನುಮಂತನಗರವನ್ನೇ ನೋಡಿ. ರಾಮಾಂಜನೇಯ ಗುಡ್ಡದ ಸುತ್ತ ಬೆಳೆದ ಏರುತಗ್ಗಿನ ಬಡಾವಣೆ ಇದು. ಮೆಟ್ರೋದ ಹಸಿರು ಮಾರ್ಗ 2017ರಲ್ಲಿ ನ್ಯಾಷನಲ್ ಕಾಲೇಜಿನ ಮೂಲಕ ಹಾದುಹೋಯಿತು. 2025ರ ಆಗಸ್ಟ್ 10ರಂದು ಹಳದಿ ಮಾರ್ಗವೂ ಉದ್ಘಾಟನೆಗೊಂಡಿತು. ಈಗ ಆರ್.ವಿ. ರಸ್ತೆಯಲ್ಲಿ ರೈಲು ಬದಲಿಸಿದರೆ ಹೃದ್ರೋಗಿಯೊಬ್ಬರು ಜಯದೇವ ಆಸ್ಪತ್ರೆಯ ಬಳಿಯೇ ಇಳಿಯಬಹುದು. ನಿಲ್ದಾಣದೊಳಗೆ ಲಿಫ್ಟ್ ಇದೆ, ಅಂಧರಿಗಾಗಿ ಉಬ್ಬುಗೆರೆಯ ಹಾಸು ಇದೆ. ಆದರೆ ಆ ನಿಲ್ದಾಣವನ್ನು ತಲುಪುವುದು ಹೇಗೆ? ಅಲುಗಾಡುವ ಚಪ್ಪಡಿ, ಟ್ರಾನ್ಸ್‌ಫಾರ್ಮರ್, ಕಾರು ಏರಿಸಲು ಮನೆಮನೆಯ ಮುಂದೆ ಕಟ್ಟಿಕೊಂಡ ಇಳಿಜಾರು, ಸಾಲಾಗಿ ನಿಂತ ಬೈಕುಗಳು. ಮೊಣಕಾಲು ನೋವಿನ ವೃದ್ಧೆ ಹತ್ತು ಹೆಜ್ಜೆಗೊಮ್ಮೆ ರಸ್ತೆಗಿಳಿಯಲೇಬೇಕು. ಗಾಲಿಕುರ್ಚಿಯವರ ಮಾತಂತೂ ಬೇಡ.

ಇದು ಕೇವಲ ಅನುಕೂಲದ ಪ್ರಶ್ನೆಯಲ್ಲ. 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಮಡಿದ 1,68,491 ಮಂದಿಯಲ್ಲಿ 32,825 ಮಂದಿ ಪಾದಚಾರಿಗಳೆಂದು ಕೇಂದ್ರ ಸರಕಾರವೇ ಹೇಳಿದೆ. ಇವರಲ್ಲಿ ಬಹುಪಾಲು ಯಾವ ವರ್ಗದವರೆಂಬುದನ್ನು ಬಿಡಿಸಿ ಹೇಳಬೇಕೇ?

ಕಾನೂನಿನ ಕೊರತೆಯಂತೂ ಇಲ್ಲ. ಪಾದಚಾರಿ ಮಾರ್ಗದ ಹಕ್ಕು ಸಂವಿಧಾನದ 21ನೇ ವಿಧಿಯಡಿ ಬದುಕುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಸ್ಪಷ್ಟಪಡಿಸಿತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ ಸಾರ್ವಜನಿಕ ಕಟ್ಟಡಗಳು ಎಲ್ಲರಿಗೂ ಪ್ರವೇಶಯೋಗ್ಯವಾಗಲು ಕೊಟ್ಟ ಐದು ವರ್ಷಗಳ ಗಡುವು 2022ರಲ್ಲೇ ಮುಗಿದಿದೆ. ಪಾದಚಾರಿ ಮಾರ್ಗ ಕನಿಷ್ಠ 1.8 ಮೀಟರ್ ಅಡೆತಡೆಯಿಲ್ಲದೆ ಇರಬೇಕೆಂಬ ಮಾನದಂಡವೂ ಇದೆ. ಆದರೂ ಸರಕಾರದ ಉತ್ಸಾಹವೆಲ್ಲ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗಿನ, ಸುಮಾರು 17 ಸಾವಿರ ಕೋಟಿ ರೂಪಾಯಿಯ ಸುರಂಗ ರಸ್ತೆಯತ್ತ ಹರಿಯಿತು. ಕಾರಿನವನಿಗೆ ನೆಲದಡಿಯಲ್ಲೂ ದಾರಿ, ಕಾಲ್ನಡಿಗೆಯವನಿಗೆ ನೆಲದ ಮೇಲೂ ಇಲ್ಲ!

ಬಸ್ಸುಗಳ ವಿಷಯದಲ್ಲಿ ಒಂದಿಷ್ಟು ಒಳ್ಳೆಯ ಬೆಳವಣಿಗೆಯಾಗಿದೆಯೆಂದು ಒಪ್ಪಬೇಕು. 2006ರಲ್ಲಿ ಬಂದ ತಗ್ಗುನೆಲದ ವೋಲ್ವೊ ಬಸ್ಸುಗಳ ದರ ಬಡವರ ಕೈಗೆಟುಕುತ್ತಿರಲಿಲ್ಲ. 2023ರ ಡಿಸೆಂಬರ್‌ನಿಂದ ಸಾಮಾನ್ಯ ದರದ ಎಲೆಕ್ಟ್ರಿಕ್ ಬಸ್ಸುಗಳಲ್ಲೂ ತಗ್ಗುನೆಲ ಬಂದಿದೆ. ಆದರೆ ಬಸ್ಸು ಪಾದಚಾರಿ ಮಾರ್ಗದ ಅಂಚಿಗೆ ತಾಗಿ ನಿಂತರೆ ಮಾತ್ರ ಅದರಿಂದ ಪ್ರಯೋಜನ. ತಂಗುದಾಣದ ಮುಂದೆ ಆಟೋ, ಕಾರುಗಳು ಬೀಡುಬಿಟ್ಟು, ಬಸ್ಸು ನಡುರಸ್ತೆಯಲ್ಲಿ ನಿಂತರೆ ಅದೇ ಎತ್ತರದ ಮೆಟ್ಟಿಲು, ಅದೇ ಪರದಾಟ.

ಇನ್ನೊಂದು ಎಚ್ಚರಿಕೆ. ಫುಟ್‌ಪಾತ್ ತೆರವು ಎಂದೊಡನೆ ಅಧಿಕಾರಿಗಳ ಕಣ್ಣಿಗೆ ಬೀಳುವುದು ತಳ್ಳುಗಾಡಿಯ ಬಡವ. 2023ರ ನವೆಂಬರ್‌ನಲ್ಲಿ ಜಯನಗರ 4ನೇ ಬ್ಲಾಕಿನಲ್ಲಿ ನಡೆದದ್ದೂ ಇದೇ. ಬೀದಿಬದಿ ವ್ಯಾಪಾರಿಗಳಿಗೆ 2014ರ ಕಾಯ್ದೆಯ ರಕ್ಷಣೆಯಿದೆ. ಅವರಿಗೆ ಗೊತ್ತುಪಡಿಸಿದ ಜಾಗ ಕೊಡದೆ ಎತ್ತಂಗಡಿ ಮಾಡಿ, ಅಲ್ಲಿಯೇ ನಿಲ್ಲುವ ಕಾರುಗಳನ್ನು ಮುಟ್ಟದಿರುವುದು ಯಾವ ನ್ಯಾಯ?

ಸರಕಾರವನ್ನು ಪ್ರಶ್ನಿಸುವ ನಾವು ನಮ್ಮ ಅಂಗಳವನ್ನೂ ನೋಡಿಕೊಳ್ಳಬೇಕು. ಜುಮಾದ ದಿನ ನಮ್ಮ ಎಷ್ಟು ಮಸೀದಿಗಳ ಮುಂದೆ ನಡೆಯಲು ಜಾಗವಿರುತ್ತದೆ? ದಾರಿಯಲ್ಲಿ ಕುಳಿತುಕೊಳ್ಳುವವರು ದಾರಿಯ ಹಕ್ಕನ್ನು ಸಲ್ಲಿಸಬೇಕೆಂದೂ ಅದರಲ್ಲಿ ಯಾರಿಗೂ ತೊಂದರೆ ಕೊಡದಿರುವುದು ಸೇರಿದೆಯೆಂದೂ ಪ್ರವಾದಿ(ಸ) ಕಲಿಸಿದರು. ಅದನ್ನು ಖುತ್ಬಾದಲ್ಲಿ ಕೇಳುವಾತನ ಬೈಕೇ ಹೊರಗೆ ಅಡ್ಡ ನಿಂತಿರುತ್ತದೆ. ಅಂಧ ಸಹಾಬಿ ಅಬ್ದುಲ್ಲಾ ಬಿನ್ ಉಮ್ಮಿ ಮಕ್ತೂಮ್(ರ) ಮದೀನಾದ ಮಸೀದಿಯ ಮುಅಝ್ಝಿನ್ ಆಗಿದ್ದರು. ಅವರ ವಿಷಯದಲ್ಲಿ ಅಬಸ ಅಧ್ಯಾಯದ ಆರಂಭದ ವಚನಗಳು ಅವತೀರ್ಣಗೊಂಡವು. ಅವರಂಥವರು ಇಂದು ನಮ್ಮ ಮಸೀದಿಗೆ ಒಂಟಿಯಾಗಿ ನಡೆದು ಬರಬಲ್ಲರೇ?

ಅಮೃತಶಿಲೆಗೂ ಮಿನಾರದ ದೀಪಗಳಿಗೂ ಹಣ ಸಂಗ್ರಹಿಸಬಲ್ಲ ಮಸೀದಿ ಸಮಿತಿಗಳು ಮೆಟ್ಟಿಲ ಪಕ್ಕದಲ್ಲಿ ಗಾಲಿಕುರ್ಚಿ ಏರುವಂತಹ ಇಳಿಜಾರೊಂದನ್ನೂ ಕೈಹಿಡಿಯಲು ಕಂಬಿಯನ್ನೂ ಹಾಕಿಸಲಿ. ಶುಕ್ರವಾರ ವಾಹನ ನಿಲುಗಡೆಗೆ ಹತ್ತಿರದ ಶಾಲೆಯ ಮೈದಾನವನ್ನೋ ಖಾಲಿ ನಿವೇಶನವನ್ನೋ ಕೇಳಿ ಪಡೆಯಲಿ, ಗೇಟಿನ ಬಳಿ ಇಬ್ಬರು ಯುವಕರನ್ನು ನಿಲ್ಲಿಸಲಿ. ಹಾಗೆ ಮಾಡಿದ ಸಮಿತಿಯೊಂದು ವಾರ್ಡ್ ಕಚೇರಿಗೆ ಹೋಗಿ ಫುಟ್‌ಪಾತ್ ಕೇಳಿದರೆ ಅಧಿಕಾರಿಗೆ ಮರುಪ್ರಶ್ನೆ ಹಾಕಲು ಅವಕಾಶವಿರದು.